ನನಗ ನೆಲಾ ಬೇಕ್ರಿ

2023ರ ಮಳೆಗಾಲ. ಹೊಸೂರು ರಸ್ತೆಯ ಉದ್ದಕ್ಕೂ ಮೆಟ್ರೋ ಕಂಬಗಳು ಎದ್ದು ನಿಂತಿದ್ದವು, ರೈಲು ಮಾತ್ರ ಇನ್ನೂ ಬಂದಿರಲಿಲ್ಲ. ನಾನು ದೊಡ್ಡ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಿಂದ ನಿವೃತ್ತಳಾಗಿ, ಎಲೆಕ್ಟ್ರಾನಿಕ್ ಸಿಟಿಯಿಂದ ಹೆಬ್ಬಗೋಡಿಗೆ ಹೋಗುವ ದಾರಿಯ ಒಂದು ಪುಟ್ಟ ಪಾಲಿಕ್ಲಿನಿಕ್‌ನಲ್ಲಿ ಬೆಳಗಿನ ಹೊತ್ತು ಮಾತ್ರ ಕೂರುತ್ತಿದ್ದೆ. ಲ್ಯಾಪ್‌ಟಾಪ್ ಮುಂದೆ ಕುತ್ತಿಗೆ ಹಿಡಿಸಿಕೊಂಡವರು, ಫ್ಯಾಕ್ಟರಿಯ ಲೈನ್‌ನಲ್ಲಿ ನಿಂತು ಹಿಮ್ಮಡಿ ನೋಯಿಸಿಕೊಂಡ ಹೆಣ್ಣುಮಕ್ಕಳು, ಇವರ ನಡುವೆ ಅಪಾರ್ಟ್‌ಮೆಂಟುಗಳಿಂದ ಬರುವ ಅಮ್ಮಂದಿರು. ಅಮ್ಮಂದಿರದು ಹೆಚ್ಚಾಗಿ ಒಂದೇ ದೂರು: ಮಂಡಿ.

ಆ ದೂರು ನನ್ನದೂ ಆಗಿತ್ತು. ನನ್ನ ಬಲ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತಿತ್ತು. ಭಾನುವಾರದ ಪೂಜೆಗೆ ಚರ್ಚಿಗೆ ಹೋದರೆ, ಎಲ್ಲರೂ ಮೊಣಕಾಲೂರುವ ಹೊತ್ತಿನಲ್ಲಿ ನಾನೊಬ್ಬಳು ಬೆಂಚಿನ ಮೇಲೆ ಕೂತೇ ಇರುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿ ಬೆಳೆದವಳಿಗೆ ಅದು ಸಣ್ಣ ಸಂಗತಿಯಲ್ಲ. ನಮ್ಮ ಸ್ಕೂಲ್ ಚಾಪೆಲ್‌ನಲ್ಲಿ ಕೆಂಪು ಆಕ್ಸೈಡ್ ನೆಲ. ಬೆಳಗ್ಗೆ ಬರಿಯ ಮಂಡಿ ಊರಿದರೆ ತಂಪು ನೆತ್ತಿಯವರೆಗೂ ಏರುತ್ತಿತ್ತು. ಆ ತಂಪಿನ ನೆನಪು ಈಗಲೂ ನನ್ನ ಮಂಡಿಚಿಪ್ಪಿನಲ್ಲಿದೆ, ಕೀಲಿನಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಗುರುಬಸಮ್ಮ ಬಂದದ್ದು ಅಂಥ ದಿನಗಳಲ್ಲಿ. ಗದಗಿನ ಕಡೆಯವರು. ಪ್ರೈಮರಿ ಸ್ಕೂಲ್ ಟೀಚರ್ ಆಗಿ ನಿವೃತ್ತರಾಗಿ, ಯಜಮಾನರು ತೀರಿಕೊಂಡ ಮೇಲೆ ಮಗಳು ಸವಿತಾಳ ಜೊತೆ ಇಲ್ಲಿಯ ಅಪಾರ್ಟ್‌ಮೆಂಟೊಂದರಲ್ಲಿದ್ದರು. ಸವಿತಾ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ಗುರುಬಸಮ್ಮನದು ಹಣೆಗೆ ಅಗಲವಾಗಿ ವಿಭೂತಿ, ಇಳಕಲ್ ಸೀರೆ, ದೋಣಿಯಂತೆ ಆಚೆ ಈಚೆ ತೂಗುವ ನಡಿಗೆ. ಬಾಗಿಲಿನಿಂದ ನನ್ನ ಟೇಬಲ್‌ವರೆಗೆ ಬರುವಷ್ಟರಲ್ಲೇ ಎರಡೂ ಮಂಡಿಗಳು ತಮ್ಮ ಕಥೆಯನ್ನು ನನಗೆ ಹೇಳಿಬಿಟ್ಟಿದ್ದವು.

"ಎಲ್ಲಿ ನೋವು ಅಮ್ಮ?" ಅಂದೆ. ನಲವತ್ತು ವರ್ಷ ಹಾಗೇ ಶುರು ಮಾಡಿದವಳು ನಾನು.

ಅವರು ಮಂಡಿ ತೋರಿಸಲಿಲ್ಲ. ಬೆರಳನ್ನು ನೆಲದ ಕಡೆ ಮಾಡಿದರು. "ಬ್ಯಾನಿ ಇರ್ಲಿ ಬಿಡ್ರಿ ಬಾಯಾರ, ಅದು ವಯಸ್ಸಿನ ಗೆಳತಿ. ನನಗ ನೆಲಾ ಬೇಕ್ರಿ."

"ಅವ್ವಾ, ಸರಿಯಾಗಿ ಹೇಳು," ಎಂದು ಸವಿತಾ ನಡುವೆ ಬಂದಳು. "ಮೇಡಂ, ಇವರಿಗೆ ನೆಲದ ಮೇಲೆ ಕೂತು ಪೂಜೆ ಮಾಡ್ಬೇಕು. ಚೇರ್ ಮೇಲೆ ಮಾಡು ಅಂದ್ರೆ ಕೇಳಲ್ಲ."

"ಕುರ್ಚಿ ಮ್ಯಾಲ ಕುಂತು ಕರೆಂಟ್ ಬಿಲ್ ಕಟ್ಟಬೌದು," ಎಂದರು ಗುರುಬಸಮ್ಮ. "ಪೂಜಿ ಮಾಡಾಕ ಅದೇನು ಆಫೀಸೇನು?"

ಅವರದು ಇಷ್ಟಲಿಂಗ ಪೂಜೆ. ಸ್ನಾನ ಮುಗಿಸಿ, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೊರಳಲ್ಲಿ ಸದಾ ಇರುವ ಪುಟ್ಟ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಅದರಲ್ಲೇ ದೃಷ್ಟಿ ನೆಟ್ಟಿರಬೇಕು. ಪೂಜೆ ಆಗುವವರೆಗೆ ತುತ್ತು ಅನ್ನವಿಲ್ಲ, ಚಹಾ ಕೂಡ ಇಲ್ಲ. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ನಡೆದು ಬಂದ ನೇಮ. ಈಗ ಕೆಲವು ತಿಂಗಳಿಂದ ಕೂತರೆ ಏಳಲು ಆಗುತ್ತಿರಲಿಲ್ಲ. ಏಳಿಸಲು ಸವಿತಾ ಬೇಕು, ಅವಳಿಗೋ ಬೆಳಗ್ಗೆ ಕಂಪನಿ ಬಸ್ಸು. ಹಾಗಾಗಿ ಕೆಲವು ದಿನ ಪೂಜೆ ಅರ್ಧಕ್ಕೇ ನಿಂತು, ಕಣ್ಣಲ್ಲಿ ನೀರು ಹಾಕಿಕೊಂಡು ಏಳುತ್ತಿದ್ದರಂತೆ.

ಎಕ್ಸ್‌ರೇ ನೋಡಿದೆ. ಆಸ್ಟಿಯೋಆರ್ಥ್ರೈಟಿಸ್, ನಮ್ಮ ಜನ ಮಂಡಿ ಸವೆತ ಅನ್ನುವುದು. ಕೀಲಿನಲ್ಲಿ ಎರಡು ಮೂಳೆಗಳ ತುದಿಗೆ ಕಾರ್ಟಿಲೇಜ್ ಎಂಬ ನಯವಾದ, ಜಾರುವ ಹೊದಿಕೆ ಇರುತ್ತದೆ. ಅದು ಒರಟಾಗಿ ತೆಳುವಾಗುತ್ತ ಬಂದಾಗ ಮೂಳೆಗಳ ನಡುವಿನ ಸಂದು ಕಿರಿದಾಗುತ್ತದೆ, ಅಂಚಿನಲ್ಲಿ ಮುಳ್ಳಿನಂತೆ ಹೊಸ ಮೂಳೆ ಬೆಳೆಯುತ್ತದೆ. ಬೆಳಗ್ಗೆ ಎದ್ದಾಗ ಸ್ವಲ್ಪ ಹೊತ್ತು ಬಿಗಿತ, ಬಗ್ಗಿಸಿದರೆ ಕಟಕಟ ಸದ್ದು, ಹೆಚ್ಚು ನಡೆದ ದಿನ ಊತ. ಜನ ಇದನ್ನು ಸ್ಕೂಟರಿನ ಟೈರ್ ಸವೆದಂತೆ ಅಂದುಕೊಂಡು, ಬಳಸದಿದ್ದರೆ ಉಳಿಯುತ್ತದೆ ಎಂದು ಮೂಲೆ ಹಿಡಿದು ಕೂತುಬಿಡುತ್ತಾರೆ. ಕೀಲು ಟೈರ್ ಅಲ್ಲ, ಅದಕ್ಕೆ ಜೀವವಿದೆ. ಕಾರ್ಟಿಲೇಜಿಗೆ ತನ್ನದೇ ರಕ್ತನಾಳಗಳಿಲ್ಲ, ಕೀಲು ಆಡಿದಾಗಲೇ ಅದರೊಳಗಿನ ದ್ರವದಿಂದ ಅದಕ್ಕೆ ಪೋಷಣೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗಿದ್ದರೆ ಅರ್ಧ ಭಾರ ಅದು ಹೊರುತ್ತದೆ. ಸೋತರೆ ಇಡೀ ಭಾರ ಮಂಡಿಯದೇ.

ಇದನ್ನೆಲ್ಲ ಹೇಳಿದೆ. ಟೀಚರ್ ಅಲ್ಲವೇ, ಗಮನವಿಟ್ಟು ಕೇಳಿದರು. "ಅಂದ್ರ ತೊಡಿ ಸೋಮಾರಿ ಆತು, ಮಣಕಾಲಿಗೆ ಪೆಟ್ಟು ಬಿತ್ತು. ನಮ್ಮ ಸಾಲಿಯೊಳಗೂ ಹಂಗ ಇತ್ರಿ. ಹೆಡ್‌ಮಾಸ್ತರ ಮಲಗಿದ್ರ ನಾವು ಓಡಾಡಬೇಕಿತ್ತು."

ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಿ ಹಿಡಿಯುವುದು, ಮಲಗಿ ಕಾಲು ನೇರವಾಗಿ ಎತ್ತುವುದು, ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರುವುದು. ಇವೇ ನನ್ನ ಅಸ್ತ್ರಗಳು. ನೋವು ಹೆಚ್ಚಿದ್ದರಿಂದ ಮೊದಲ ಕೆಲವು ದಿನಗಳಿಗೆಂದು ಆರ್ಥೋಪೆಡಿಕ್ ಸರ್ಜನ್ ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ಊಟದ ನಂತರ, ಜೊತೆಗೆ ಹೊಟ್ಟೆಗೆ ರಕ್ಷಣೆಯ ಇನ್ನೊಂದು. ಅದು ಮುಗಿದರೆ ನಿಲ್ಲಿಸಿ ಎಂದೂ ಹೇಳಿದ್ದರು.

ವಾರಕ್ಕೆ ಎರಡು ಬಾರಿ ಬರುತ್ತಿದ್ದರು. ವ್ಯಾಯಾಮದ ನಡುವೆ ನಮ್ಮ ಮಾತು. ಅವರಿಗೆ ಅವರ ಶಾಲೆಯ ನೆನಪು, ನನಗೆ ನನ್ನ ಸ್ಕೂಲಿನದು. "ನೀವೂ ನೆಲದಾಗ ಕುಂದರ್ತಿದ್ರೇನು?" ಎಂದು ಕೇಳಿದರು ಒಮ್ಮೆ.

"ಕೂರೋದಲ್ಲ, ನಾವು ಮೊಣಕಾಲು ಊರೋದು. ನೀಲಿಂಗ್. ಈಗ ಆಗಲ್ಲ ನನಗೂ."

"ಅಯ್ಯ, ವೈದ್ಯರ ಮನಿಯಾಗೂ ಇದ ರೋಗ ಐತೇನು?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ, "ನೆನಪಾಗ್ತದ ಅಲ್ರಿ?" ಎಂದರು.

"ಆಗ್ತದೆ," ಎಂದೆ.

ಮೂರನೆಯ ವಾರ ಸವಿತಾ ಒಂದು ಡಬ್ಬಿ ಕರದಂಟು ಹಿಡಿದು ಬಂದಳು. "ಮೇಡಂ, ಮಿರಾಕಲ್! ಅವ್ವ ಈಗ ದಿನಾ ನೆಲದ ಮೇಲೆ ಕೂತು ಪೂಜೆ ಮಾಡ್ತಿದಾಳೆ. ತಾನೇ ಏಳ್ತಾಳೆ. ನಿಮ್ಮ ಎಕ್ಸರ್ಸೈಸ್ ಸೂಪರ್!"

ಯಾರಿಗೆ ಸಿಹಿಯಾಗದು ಆ ಮಾತು? ಕರದಂಟೂ ಚೆನ್ನಾಗಿತ್ತು. ಆದರೆ ಈ ಕೆಲಸದಲ್ಲಿ ಬಹಳ ವರ್ಷ ಕಳೆದವರಿಗೆ ಸ್ನಾಯುವಿನ ವೇಗ ಗೊತ್ತಿರುತ್ತದೆ. ಸೋತ ತೊಡೆ ಮತ್ತೆ ಬಲಗೊಳ್ಳಲು ತಿಂಗಳುಗಳು ಬೇಕು. ಗೋನಿಯೋಮೀಟರ್ ತೆಗೆದು, ಅಂದರೆ ಕೀಲು ಎಷ್ಟು ಮಡಿಚುತ್ತದೆ ಎಂದು ಅಳೆಯುವ ಸಾಧನ, ಮಂಡಿ ನೋಡಿದೆ. ಮೊದಲಿನಷ್ಟೇ. ತೊಡೆಯ ಬಲವೂ ಹೆಚ್ಚುಕಡಿಮೆ ಅಷ್ಟೇ. ಆದರೂ ನೆಲಕ್ಕೆ ಕೂತು ಏಳುತ್ತಿದ್ದರು. ನನ್ನ ವ್ಯಾಯಾಮ ಅಷ್ಟು ದೊಡ್ಡದಲ್ಲ ಎಂದು ನನಗೆ ಗೊತ್ತಿತ್ತು.

"ಒಂದ್ಸಲ ಚೇರ್‌ನಿಂದ ಎದ್ದು ಕೂತು ತೋರಿಸಿ," ಎಂದೆ.

ನಾಲ್ಕೈದು ಸಲಕ್ಕೇ ಏದುಸಿರು ಬಂತು. ಹಣೆಯ ವಿಭೂತಿಗೂ ಮುಖದ ಬಣ್ಣಕ್ಕೂ ವ್ಯತ್ಯಾಸ ಕಾಣಲಿಲ್ಲ. ಹತ್ತಿರ ಹೋಗಿ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಗಿರಬೇಕಾದ ಕಡೆ ಬಿಳಿ ಕಾಗದದಂತಿತ್ತು.

"ತಲೆ ಸುತ್ತುತ್ತಾ?"

"ಮುಂಜಾನೆ ಜರಾ."

"ಮೋಷನ್ ಯಾವ ಬಣ್ಣ ಬರ್ತಿದೆ ಅಮ್ಮ?"

ಗುರುಬಸಮ್ಮ ಮಗಳ ಕಡೆ ನೋಡಿ, ಸೆರಗು ಬಾಯಿಗೆ ಹಿಡಿದುಕೊಂಡರು. "ಇದೇನು ಕೇಳ್ತೀರಿ! ... ಕಪ್ಪಗ ಐತ್ರಿ. ಡಾಂಬರಿನಂಗ."

ಕಬ್ಬಿಣದ ಮಾತ್ರೆ ನುಂಗುತ್ತಿದ್ದರೂ ಹಾಗಾಗುವುದುಂಟು. ಕೇಳಿದೆ, ಇಲ್ಲವೆಂದರು. ಹಾಗಾದರೆ ಅದು ಹೊಟ್ಟೆಯೊಳಗೆ ಸೋರಿ, ಜೀರ್ಣವಾಗಿ ಕಪ್ಪಾದ ರಕ್ತ. "ನೋವಿನ ಮಾತ್ರೆ ನಿಲ್ಲಿಸಿದ್ದೀರಿ ತಾನೆ?"

ಗುರುಬಸಮ್ಮ ಸೆರಗು ಕೆಳಗಿಳಿಸಿದರು.

"ತಗೊಂತೇನ್ರಿ. ಒಂದ."

"ಯಾವಾಗ?"

"ಮುಂಜಾನೆ ಎದ್ದಕೂಡ್ಲೆ. ಪೂಜಿಗೆ ಮದಲ. ಅದು ಹತ್ತಾಕ ಹೊತ್ತು ಹಿಡೀತೈತಿ. ಜಳಕಾ ಮುಗಿಸಿ ಬರೂದ್ರಾಗ ಮಣಕಾಲು ಬಿಡ್ತಾವು. ಆಮ್ಯಾಲೆ ಆರಾಮ ಕುಂದ್ರತೇನಿ."

"ಖಾಲಿ ಹೊಟ್ಟೇಲಿ?" ಸವಿತಾಳ ದನಿ ಏರಿತು. "ಅವ್ವಾ, ಊಟ ಆದ್ಮೇಲೆ ಅಂತ ನಾನೇ ಓದಿ ಹೇಳಿದ್ನಲ್ಲ!"

"ಊಟಾ ಆದ ಮ್ಯಾಲ ತಗೊಂಡ್ರ ಪೂಜಿ ಮುಗದಿರ್ತದಲ್ಲವ್ವ. ಆಮ್ಯಾಲ ಬ್ಯಾನಿ ಕಡಿಮಿ ಆಗಿ ಏನು ಮಾಡ್ಲಿ? ಟಿವಿ ನೋಡ್ಲೇನು?"

"ಪೂಜೆಗೆ ಮುಂಚೆ ಏನೂ ತಗೋಬಾರದು ಅಂತೀಯಲ್ಲ ನೀನು!"

"ಗುಳಿಗಿ ಊಟಲ್ಲವ್ವ. ಔಷಧಕ್ಕ ದೋಷಿಲ್ಲ. ಒಂದು ಗುಟುಕು ನೀರು, ಅಷ್ಟ."

ಚೀಟಿ ಮುಗಿದರೂ ಮಾತ್ರೆ ಹೇಗೆ ಸಿಕ್ಕಿತೆಂದರೆ, ಖಾಲಿ ಸ್ಟ್ರಿಪ್ ತೋರಿಸಿದರೆ ಕೆಳಗಿನ ಮೆಡಿಕಲ್ ಶಾಪ್‌ನವನು ಇನ್ನೊಂದು ಕೊಡುತ್ತಿದ್ದನಂತೆ. ಹೊಟ್ಟೆಯ ರಕ್ಷಣೆಗೆಂದು ಕೊಟ್ಟ ಮಾತ್ರೆಯನ್ನು ಬಿಟ್ಟೇ ಬಿಟ್ಟಿದ್ದರು. "ನನಗ ಹೊಟ್ಟಿ ಬ್ಯಾನಿ ಇಲ್ಲಲ್ರಿ," ಎಂಬುದು ಅದಕ್ಕೆ ಕಾರಣ. ಈ ನೋವಿನ ಮಾತ್ರೆಗಳು ಕೀಲಿನ ಉರಿಯ ಜೊತೆಗೆ ಜಠರದ ಒಳಪದರದ ಕಾವಲನ್ನೂ ತಗ್ಗಿಸುತ್ತವೆ. ವಯಸ್ಸಾದವರಲ್ಲಿ ಹೊಟ್ಟೆ ನೋವೇ ಇಲ್ಲದೆ ಹುಣ್ಣಾಗಿ ರಕ್ತ ಸೋರಬಹುದು. ಯಾರೂ ಅವರಿಗೆ ಸುಳ್ಳು ಹೇಳಿರಲಿಲ್ಲ, ಅವರೂ ಯಾರಿಗೂ ಹೇಳಿರಲಿಲ್ಲ. ನಾವು ಊಟಕ್ಕೆ ಲೆಕ್ಕ ಹಾಕಿ ಮಾತ್ರೆ ಕೊಟ್ಟಿದ್ದೆವು. ಅವರು ಪೂಜೆಗೆ ಲೆಕ್ಕ ಹಾಕಿ ನುಂಗಿದ್ದರು.

"ಇವತ್ತು, ಈಗಲೇ ಆಸ್ಪತ್ರೆಗೆ," ಎಂದೆ. "ಮನೆಗೆ ಹೋಗಿ ಬರ್ತೀವಿ ಅನ್ನಬೇಡಿ."

ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ನೋಡಿದಾಗ, ಜಠರದಲ್ಲಿ ಹುಣ್ಣು ಕಂಡಿತು. ರಕ್ತ ಕೊಡಬೇಕಾಯಿತು. ಇನ್ನೂ ತಡವಾಗಿದ್ದರೆ ಬಾತ್‌ರೂಮಿನಲ್ಲಿ ಬಿದ್ದು ಅಲ್ಲೇ ಉಳಿಯುತ್ತಿದ್ದರು ಎಂದರು ಅಲ್ಲಿಯ ಡಾಕ್ಟರ್. ನಾನು ನೋಡಲು ಹೋದಾಗ ಗುರುಬಸಮ್ಮನ ಕೈಯಲ್ಲಿ ಡ್ರಿಪ್, ಹಣೆಯಲ್ಲಿ ಮಾತ್ರ ತಪ್ಪದ ವಿಭೂತಿ.

"ಪೂಜೆ?" ಎಂದೆ.

"ಆತ್ರಿ. ಇಲ್ಲೇ ಹಾಸಿಗ್ಯಾಗ. ಮಲಕೊಂಡಾಂಗನ."

"ಹಾಸಿಗೇಲಿ ಆದ್ರೆ ಚೇರ್ ಮೇಲೆ ಯಾಕಾಗಲ್ಲ?"

"ಇದು ಆಪತ್ತು ಬಾಯಾರ. ಶಿವಗ ತಿಳೀತೈತಿ. ಕುರ್ಚಿ ಅಂದ್ರ ಸೋಮಾರಿತನ."

ಮುಂದಿನ ತಿಂಗಳು ಸರ್ಜನ್ ಬಳಿ ಹೋದೆವು. ಇನ್ನು ಆ ಜಾತಿಯ ನೋವಿನ ಮಾತ್ರೆ ಮುಟ್ಟುವಂತಿಲ್ಲ. ಉಳಿದ ದೊಡ್ಡ ದಾರಿ ನೀ ರಿಪ್ಲೇಸ್‌ಮೆಂಟ್, ಸವೆದ ಮೇಲ್ಮೈ ತೆಗೆದು ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲು ಕೂರಿಸುವುದು. ಅವರು ತಾಳ್ಮೆಯಿಂದ ವಿವರಿಸಿದರು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಊರಿಗೆ ಹೋಗಿಬರಬಹುದು. ಗುರುಬಸಮ್ಮನದು ಒಂದೇ ಪ್ರಶ್ನೆ.

"ನೆಲಕ್ಕ ಕುಂದರಬೌದೇನ್ರಿ?"

"ಸಾಮಾನ್ಯವಾಗಿ ಬೇಡ ಅಂತೀವಿ ಅಮ್ಮ. ಹಾಕಿದ ಕೀಲು ಬಹಳ ಕಾಲ ಬಾಳಬೇಕಲ್ಲ."

"ಅಂದ್ರ ಹೊಸಾ ಮಣಕಾಲಿಗೂ ನೆಲಾ ಇಲ್ಲ. ಹಂಗಾದ್ರ ಹಳೇವ ಇರ್ಲಿ ಬಿಡ್ರಿ. ಹೊಂದಿಕೊಂಡಾವು."

ಹೊರಗೆ ಬಂದು ಸವಿತಾ ಅತ್ತುಬಿಟ್ಟಳು. "ನನಗೆ ಅವ್ವ ಬೇಕು ಮೇಡಂ. ಅವಳಿಗೆ ನೆಲ ಬೇಕು. ಯಾರ ಜೊತೆ ಜಗಳ ಆಡ್ಲಿ? ಮತ್ತೆ ಕದ್ದು ಮಾತ್ರೆ ನುಂಗಿದ್ರೆ?" ಅವಳ ಭಯ ಸುಳ್ಳಲ್ಲ. ಆಸೆ ಗಟ್ಟಿ ಇರುವ ಕಡೆ ಎಚ್ಚರಿಕೆಯ ಮಾತು ಹೆಚ್ಚು ದಿನ ನಿಲ್ಲುವುದಿಲ್ಲ.

ಆಗ ನಾನು ಮಾತು ಬಿಟ್ಟು ನನ್ನ ಕೆಲಸಕ್ಕೇ ಮರಳಿದೆ. ತೊಡೆಯ ಬಲ ನಿಜವಾಗಿ ಬರಲಿ, ರಕ್ತದ ಮಟ್ಟ ಏರಲಿ, ಆಮೇಲೆ ಮಾತ್ರೆಯಿಲ್ಲದೆ ನೆಲಕ್ಕೆ ಇಳಿದು ಏಳುವ ಕ್ರಮ ಕಲಿಸೋಣ. ಆದರೆ ಆಯಿತು, ಆಗದಿದ್ದರೆ ಅದನ್ನು ಅವರೇ ಕಣ್ಣಾರೆ ಕಾಣಲಿ. ಮಳೆಗಾಲ ಕಳೆದು ಚಳಿ ಬಂತು. ಒಂದು ದಿನವೂ ವ್ಯಾಯಾಮ ತಪ್ಪಿಸಲಿಲ್ಲ ಗುರುಬಸಮ್ಮ. ಮಾತ್ರೆಯ ಡಬ್ಬಿ ಸವಿತಾಳ ಬೀರುವಿನಲ್ಲಿತ್ತು. ಪೂಜೆ ಅಲ್ಲಿಯವರೆಗೆ ಮಂಚದ ಅಂಚಿನಲ್ಲಿ. ಅದನ್ನೂ ಅವರು ಆಪತ್ತಿನ ಲೆಕ್ಕಕ್ಕೇ ಸೇರಿಸಿಕೊಂಡಿದ್ದರು.

ಒಂದು ಬೆಳಗ್ಗೆ ಅವರ ಮನೆಗೆ ಹೋದೆ. ಹಾಲ್‌ನ ಮೂಲೆಯಲ್ಲಿ ಪೂಜೆಯ ಜಾಗ. ಗೋಡೆಗೆ ಒರಗಿಸಿದ್ದ ಮಣೆ ಸಾಗವಾನಿಯದು, ಮದುವೆಯಲ್ಲಿ ತವರಿನಿಂದ ಬಂದದ್ದು. ನಡುವೆ ಕೂತು ಕೂತು ನುಣುಪಾದ ಒಂದು ತಗ್ಗು. ಅದನ್ನು ನೆಲಕ್ಕೆ ಹಾಕಿ, ಎದುರಿಗೆ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟೆ. "ಮೊದಲು ನಾನು ಮಾಡಿ ತೋರಿಸ್ತೀನಿ," ಎಂದೆ. ಕುರ್ಚಿಯ ಮೇಲೆ ಎರಡೂ ಕೈ, ಒಂದು ಕಾಲು ಹಿಂದೆ, ದಪ್ಪ ದಿಂಬಿನ ಮೇಲೆ ಒಂದು ಮಂಡಿ, ಆಮೇಲೆ ಇನ್ನೊಂದು, ಆಮೇಲೆ ಪಕ್ಕಕ್ಕೆ ಸೊಂಟ ಇಳಿಸುವುದು. ಇಳಿದೆ. ಬಲ ಮಂಡಿ ಕೂಗಿಕೊಂಡಿತು, ಆದರೂ ಇಳಿದೆ. ಅವರೂ ಇಳಿದರು. ತುಟಿ ಕಚ್ಚಿ, ಉಸಿರು ಹಿಡಿದು, ಕೊನೆಗೆ ತಮ್ಮ ಮಣೆಯ ತಗ್ಗಿನಲ್ಲಿ ಕೂತರು.

ಇಬ್ಬರು ಮುದುಕಿಯರು ನೆಲದ ಮೇಲೆ! ಒಬ್ಬರನ್ನೊಬ್ಬರು ನೋಡಿ ನಗು ತಡೆಯಲಾಗಲಿಲ್ಲ.

"ಈಗ ಏಳೂದು ಹೆಂಗ್ರಿ ಬಾಯಾರ?"

"ಗೊತ್ತಿಲ್ಲ. ಸವಿತಾ ಸಂಜೆ ಬರ್ತಾಳಲ್ಲ!"

ನಕ್ಕು ಸುಸ್ತಾಗಿ ಅವರು ಸುತ್ತ ನೋಡಿದರು. "ಈ ಮನಿ ಇಲ್ಲಿಂದನ ಚಂದ ಕಾಣ್ತೈತಿ. ಮ್ಯಾಲಿಂದ ಬರೀ ಸಾಮಾನು ಕಾಣ್ತಾವು." ಆಮೇಲೆ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು.

ಆಗ ನೋಡಿದೆ. ಅಂಗೈ ನಡುಗುತ್ತಿತ್ತು. ಮಡಿಚಿದ ಮಂಡಿಯ ನೋವು ತೊಡೆಯಿಂದ ಬೆನ್ನಿಗೆ, ಬೆನ್ನಿನಿಂದ ತೋಳಿಗೆ ಏರಿ ಕೈಯಲ್ಲಿ ಅಲುಗುತ್ತಿತ್ತು. ಬಲಗೈಯಿಂದ ಹಿಡಿದು ನಿಲ್ಲಿಸಲು ನೋಡಿದರು, ನಿಲ್ಲಲಿಲ್ಲ. ಮುಖದಲ್ಲಿ ಬೆವರಿತ್ತು. ದೃಷ್ಟಿ ಲಿಂಗದಲ್ಲಿರಲಿಲ್ಲ, ಮಂಡಿಯಲ್ಲಿತ್ತು. ಅದು ಅವರಿಗೂ ತಿಳಿಯಿತು.

"ನೆಲಾ ಸಿಕ್ತು," ಎಂದರು ಕೊನೆಗೆ. "ಕೈ ನಿಲ್ಲವಲ್ದು. ಗುಳಿಗಿ ನುಂಗಿದಾಗ ಇದು ಗೊತ್ತಾಗಲಿಲ್ರಿ. ಆಗ ಕೈ ನಿಂತಿತ್ತು, ಆದ್ರ ನಿಲ್ಲಿಸಿದ್ದು ನಾ ಅಲ್ಲ."

ನಮ್ಮ ಚಾಪೆಲ್‌ನ ಸಿಸ್ಟರ್ ಆಗ್ನೆಸ್ ವಿಷಯ ಅವರಿಗೆ ಹೇಳಿದ್ದು ಆಗ. ತುಂಬ ವಯಸ್ಸಾಗಿದ್ದ ಸಿಸ್ಟರ್‌ಗೆ ಹಿಂದಿನ ಸಾಲಿನಲ್ಲಿ ಒಂದು ಬೆತ್ತದ ಕುರ್ಚಿ ಹಾಕಿಕೊಟ್ಟಿದ್ದರು. ನಾವೆಲ್ಲ ಮೊಣಕಾಲೂರುವಾಗ ಅವರು ಕೂತಲ್ಲಿಂದಲೇ ಒಂದು ಚೂರು ಮುಂದಕ್ಕೆ ಬಾಗುತ್ತಿದ್ದರು. ಅಷ್ಟೇ. ಮಕ್ಕಳಾದ ನಮಗೆ ಅದು ನಿದ್ದೆಯ ತೂಕಡಿಕೆಯಂತೆ ಕಂಡು, ಹಿಂದೆ ತಿರುಗಿ ನೋಡಿ ನಗುತ್ತಿದ್ದೆವು.

"ಅಕಿ ಅಳ್ತಿದ್ಲೇನ್ರಿ?"

"ಇಲ್ಲ. ಅವರ ಮುಖ ಬಹಳ ಶಾಂತವಾಗಿರ್ತಿತ್ತು."

"ಅಳ್ತಿದ್ಲು," ಎಂದರು ಗುರುಬಸಮ್ಮ. "ಮದಲ ಮದಲ ಅತ್ತಿರ್ತಾಳ. ನೀವು ಆಮ್ಯಾಲೆ ನೋಡೀರಿ."

ಕುರ್ಚಿ ಹಿಡಿದು, ಮಂಡಿಯೂರಿ, ಒಬ್ಬರಿಗೊಬ್ಬರು ಆಸರೆಯಾಗಿ ಎದ್ದೆವು. ಮಂಡಿಯೂರಿದ ಆ ಕ್ಷಣದಲ್ಲಿ ನಾನು ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು ಹಾಗೇ ಇದ್ದೆ. ದಿಂಬಿನ ಆಚೆ ಕೈ ಊರಿದ ವಿಟ್ರಿಫೈಡ್ ಟೈಲ್ಸ್ ತಣ್ಣಗಿತ್ತು. ಅವರು ನೋಡಿದರು, ಅವಸರ ಮಾಡಲಿಲ್ಲ.

ಎದ್ದ ಮೇಲೆ ಅದೇ ಕುರ್ಚಿಯನ್ನು ತಾವೇ ಪೂಜೆಯ ಮೂಲೆಗೆ ಎಳೆದರು. ಮೇಲೆ ಒಂದು ಮಡಿ ಬಟ್ಟೆ ಹಾಸಿದರು. ಕೂತು ಅಂಗೈ ಚಾಚಿದರು. ಅದು ಒಂದಿಷ್ಟೂ ಅಲುಗಲಿಲ್ಲ.

ಈಗ ಅವರು ಮಾತ್ರೆಯಿಲ್ಲದೆ ಹೆಬ್ಬಗೋಡಿಯ ಸಂತೆಯವರೆಗೂ ನಡೆಯುತ್ತಾರೆ. ಮುಂದೆ ಆಪರೇಷನ್ ಬೇಕಾದರೆ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ ಎಂದೂ ಹೇಳಿದ್ದಾರೆ, ಸವಿತಾಳ ಮುಖದಲ್ಲಿ ಕಳೆ ಬಂದಿದೆ. ಮೊನ್ನೆ ಹೋದಾಗ ಆ ಮೂಲೆ ನೋಡಿದೆ. ಕುರ್ಚಿಯ ಎದುರು ನೆಲದ ಮೇಲೆ ಮಣೆ ಹಾಸಿದೆ, ಖಾಲಿ. ದಿನವೂ ಒರೆಸಿ ಹಾಸುತ್ತಾರಂತೆ. ಅದರ ಮೇಲೆ ಕಾಲಿಡುವುದಿಲ್ಲ, ಯಾರನ್ನೂ ಕೂರಿಸುವುದಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು: "ಇರ್ಲಿ ಬಾಯಾರ. ನೆಲಾ ಎಲ್ಲೂ ಹೋಗಿಲ್ಲ ಅಂತ ಕಣ್ಣಿಗಾದ್ರೂ ಗೊತ್ತಿರ್ಲಿ."

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಮಂಡಿ ಹಿಡಿದು ಬಂದವರನ್ನು ಎಲ್ಲಿ ನೋವು ಎಂದು ಕೇಳುವ ಮೊದಲು, ಈ ಮಂಡಿ ನಿಮಗೆ ಯಾವುದಕ್ಕೆ ಬೇಕು ಎಂದು ಕೇಳಬೇಕು. ಒಬ್ಬರಿಗೆ ಬಸ್ಸಿನ ಮೆಟ್ಟಿಲಿಗೆ, ಒಬ್ಬರಿಗೆ ಮೊಮ್ಮಗುವನ್ನು ಎತ್ತಲು, ಒಬ್ಬರಿಗೆ ನೆಲಕ್ಕೆ. ಆ ಆಸೆ ತಿಳಿಯದೆ ಬರೆದ ಚೀಟಿಯನ್ನು ಆಸೆಯೇ ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ಎಲ್ಲ ಆಸೆಯನ್ನೂ ನಾವು ತೀರಿಸಲಾರೆವು. ಅದು ಎಲ್ಲಿ ಕೂತಿದೆ ಎಂದು ಗೊತ್ತಿದ್ದರೆ, ಅದರ ಪಕ್ಕ ಒಂದು ಕುರ್ಚಿ ಹಾಕಬಹುದು.

ಈಗ ಆ ಕಂಬಗಳ ಮೇಲೆ ಮೆಟ್ರೋ ಓಡುತ್ತಿದೆ. ಭಾನುವಾರ ಅದರಲ್ಲೇ ಚರ್ಚಿಗೆ ಹೋಗುತ್ತೇನೆ. ಗಂಟೆ ಬಾರಿಸುತ್ತದೆ, ಎಲ್ಲರೂ ಮೊಣಕಾಲೂರುತ್ತಾರೆ. ನಾನು ಬೆಂಚಿನ ಮೇಲೆ ಕೂತಲ್ಲಿಂದಲೇ ಒಂದು ಚೂರು ಮುಂದಕ್ಕೆ ಬಾಗುತ್ತೇನೆ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ತಿರುಗಿ ನೋಡಿ ನಗುತ್ತಾಳೆ.